ಸಹಾಯ ಬೇಕು: ಅಂಗಡಿಯ ನಾಲ್ಕು ವಿಂಡೋಸ್ 10 ಕಂಪ್ಯೂಟರ್‌ಗೆ ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಬಿಲ್ ಬುಕ್, ಅಷ್ಟೇ. ನಾಲ್ಕೂ ಕಂಪ್ಯೂಟರ್ ಸಿಕ್ಸ್ತ್ ಜನರೇಷನ್ ಐ3, ವಿಂಡೋಸ್ 10 ಪ್ರೊ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ಜನರೇಷನ್ ಮತ್ತು ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಹಾಗಾಗಿ ಉಚಿತ ಅಪ್‌ಗ್ರೇಡ್ ನಮಗಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸೆಕ್ಯುರಿಟಿ ಅಪ್‌ಡೇಟ್ ನಿಂತಿತು. ಮನೆಯ ಲ್ಯಾಪ್‌ಟಾಪಿಗೆ ಚಿಂತೆಯಾಗಲಿಲ್ಲ. ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದೆ, ಒಂದು ವರ್ಷದ ಇಎಸ್‌ಯು (ಅವಧಿ ಮುಗಿದ ಮೇಲೂ ಸೆಕ್ಯುರಿಟಿ ಅಪ್‌ಡೇಟ್ ಕೊಡುವ ಸ್ಕೀಮ್) ಪುಕ್ಕಟೆ ಸಿಕ್ಕಿತು. ದುಡ್ಡು ಕೊಟ್ಟರೂ 30 ಡಾಲರ್, ಅದೂ ಒಂದೇ ಅಕೌಂಟಲ್ಲಿ 10 ಮಷಿನ್‌ವರೆಗೆ.

ವ್ಯಾಪಾರದ ಮಷಿನ್‌ಗೆ ಇಎಸ್‌ಯು ಲೆಕ್ಕವೇ ಬೇರೆ. ಒಂದೊಂದು ಮಷಿನ್‌ಗೆ ಮೊದಲ ವರ್ಷ 61 ಡಾಲರ್, ಆಮೇಲೆ 122, ಮೂರನೇ ವರ್ಷ 244. ತಡವಾಗಿ ಸೇರಿದರೆ ಹಿಂದಿನ ವರ್ಷದ್ದೂ ಕಟ್ಟಬೇಕು. ಮೂರು ವರ್ಷಕ್ಕೆ ಒಂದಕ್ಕೇ 427 ಡಾಲರ್! ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಮಷಿನ್ನೇ ಬರುತ್ತೆ ಅಲ್ವಾ?

ನಮ್ಮಲ್ಲಿ ಡೊಮೈನ್ (ಎಲ್ಲ ಕಂಪ್ಯೂಟರನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಆಫೀಸ್ ನೆಟ್‌ವರ್ಕ್), ಸರ್ವರ್ ಏನೂ ಇಲ್ಲ. ಸುಮ್ನೆ ನಾಲ್ಕು ಪೆಟ್ಟಿಗೆ, ಒಂದು ರೂಟರ್. ಮನೆ ಬಳಕೆಯ ಇಎಸ್‌ಯು ಸ್ಕೀಮನ್ನೇ ಅಂಗಡಿಯ ಮಷಿನ್‌ಗೆ ಹಾಕಿದರೆ ಲೈಸೆನ್ಸ್ ಪ್ರಕಾರ ತಪ್ಪಾಗುತ್ತಾ? ರಿಪೇರಿ ಹುಡುಗ "ಪೆನ್‌ಡ್ರೈವಲ್ಲಿ 11 ಹೇಗಾದ್ರೂ ಕೂರಿಸ್ತೀನಿ ಅಣ್ಣ" ಅಂತಾನೆ. ನನಗೆ ಧೈರ್ಯ ಬರ್ತಿಲ್ಲ. ಲಿನಕ್ಸ್‌ಗೆ ಹೋಗೋಣ ಅಂದ್ರೆ ಹಳೇ ನುಡಿ ಫಾಂಟು, ಪೇಜ್‌ಮೇಕರ್ ಫೈಲು ನೂರಾರಿವೆ.

ಸಣ್ಣ ಅಂಗಡಿ ನಡೆಸುವವರು ಯಾರಾದರೂ ಇದ್ದರೆ, ನೀವೇನು ಮಾಡಿದಿರಿ ಹೇಳಿ.