ಕುಟುಂಬದ ಗುಂಪಿನಲ್ಲಿ ಡೇವಿ ಕ್ರಾಕೆಟ್

ದೊಡ್ಡಪ್ಪ (ಫಾರ್ವರ್ಡ್): ಎಲ್ಲರೂ ಓದಲೇಬೇಕು!! ಅಮೆರಿಕದ ಪಶ್ಚಿಮದ ಕಾಡಿನಿಂದ ಸಂಸತ್ತಿಗೆ ಬಂದ ಬೇಟೆಗಾರ ಡೇವಿ ಕ್ರಾಕೆಟ್. ಬೆಂಕಿಯಲ್ಲಿ ಮನೆ ಕಳೆದುಕೊಂಡವರಿಗೆ 20,000 ಡಾಲರ್ ಕೊಡಲು ಮತ ಹಾಕಿದ. ಊರಿನ ರೈತನೊಬ್ಬ ತಡೆದು, ಅದೇನು ನಿನ್ನ ಹಣವೇ ಎಂದು ಕೇಳಿದ. ಕ್ರಾಕೆಟ್ ತಲೆ ತಗ್ಗಿಸಿದ. ಮುಂದೆ ನೌಕಾಪಡೆಯ ಅಧಿಕಾರಿಯ ವಿಧವೆಗೆ ನೆರವು ನೀಡುವ ಮಸೂದೆ ಬಂದಾಗ, ಜನರ ಹಣ ದಾನ ಮಾಡುವ ಹಕ್ಕು ನಮಗಿಲ್ಲ, ಬೇಕಾದರೆ ನನ್ನ ಒಂದು ವಾರದ ಸಂಬಳ ಕೊಡುತ್ತೇನೆ ಎಂದ. ಮಸೂದೆ ಬಿದ್ದುಹೋಯಿತು. ಇಂಥವರು ನಮ್ಮಲ್ಲಿ ಏಕಿಲ್ಲ?

ದೊಡ್ಡಪ್ಪ: ಗ್ಯಾರಂಟಿ ಗ್ಯಾರಂಟಿ ಎಂದು ಕುಣಿಯುವವರು ಗಮನವಿಟ್ಟು ಓದಿ.

ಮೈಸೂರು ಚಿಕ್ಕಪ್ಪ: 🙏🙏 ನೂರಕ್ಕೆ ನೂರು ನಿಜ.

ನಾನು: ಇದರ ಮೂಲ ಯಾವುದು ದೊಡ್ಡಪ್ಪ? ಆ ಬೆಂಕಿ ಬಿದ್ದದ್ದು 1827ರ ಜನವರಿಯಲ್ಲಿ, ವಾಷಿಂಗ್ಟನ್ ಪಕ್ಕದ ಅಲೆಕ್ಸಾಂಡ್ರಿಯದಲ್ಲಿ. ಹಣ ಮಂಜೂರಾದದ್ದೂ ಆಗಲೇ. ಕ್ರಾಕೆಟ್ ಟೆನೆಸೀ ರಾಜ್ಯದಿಂದ ಗೆದ್ದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಸದನದಲ್ಲೇ ಇಲ್ಲದವನು ಮತ ಹಾಕಿದ್ದು ಹೇಗೆ?

ದೊಡ್ಡಪ್ಪ: ಮೂಲ ಕೇಳುವುದೇ ನಿಮ್ಮ ತಲೆಮಾರಿನ ಕಸುಬು. ಅದರಲ್ಲಿರುವ ನೀತಿ ನೋಡು.

ಶಿರಸಿ ಅತ್ತೆ: ನನಗೂ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ ಅಣ್ಣ. ಕುಣಿಯುವವರು ಎಂದದ್ದು ನನಗೋ?

ದೊಡ್ಡಪ್ಪ: ನಿನಗೆಂದು ಯಾರು ಹೇಳಿದರು? ಸಾರ್ವತ್ರಿಕವಾಗಿ ಹೇಳಿದೆ.

ಹ್ಯೂಸ್ಟನ್ ಭಾವ: ಕ್ರಾಕೆಟ್ ಯುದ್ಧದಲ್ಲಿ ಸತ್ತ ಅಲಾಮೋ ಕೋಟೆಯನ್ನು ನಾನು ನೋಡಿದ್ದೇನೆ. ಸ್ಯಾನ್ ಆಂಟೋನಿಯೋ ಪಟ್ಟಣದ ನಟ್ಟನಡುವೆ ಇದೆ. ಅಲ್ಲಿ ಕ್ರಾಕೆಟ್ ಶೈಲಿಯ, ರಕೂನ್ ಎಂಬ ಕಾಡುಪ್ರಾಣಿಯ ಚರ್ಮದ ಟೋಪಿ ಮಾರುತ್ತಾರೆ, ಬಾಲ ಹಿಂದಕ್ಕೆ ಜೋತಾಡುತ್ತಿರುತ್ತದೆ. ಮಗನಿಗೆ ಕೊಡಿಸಿದೆ. ಒಂದೇ ವರ್ಷದಲ್ಲಿ 105 ಕರಡಿ ಹೊಡೆದೆ ಎಂದು ಆ ಮನುಷ್ಯ ಬರೆದುಕೊಂಡಿದ್ದಾನೆ! ನಮ್ಮ ಅಜ್ಜನ ಕೋವಿ ನೆನಪಾಯಿತು. ಜಗಲಿಯ ಗೋಡೆಯಲ್ಲಿ ತೂಗುಹಾಕಿರುತ್ತಿತ್ತಲ್ಲ, ಅದು ಈಗ ಎಲ್ಲಿದೆ?

ಅಕ್ಕ: ಅಜ್ಜ ಆ ಕೋವಿಯಿಂದ ಮಂಗ ಓಡಿಸಿದ್ದನ್ನು ಬಿಟ್ಟರೆ ಬೇರೇನೂ ಮಾಡಿದವರಲ್ಲ. ಸಂಜೆ ಅಜ್ಜಿ ಹಲಸಿನ ಹಪ್ಪಳ ಸುಡುತ್ತಿದ್ದರು...

ನಾನು: ಈ ಕಥೆ ಮೊದಲು ಅಚ್ಚಾದದ್ದು 1867ರಲ್ಲಿ, ಹಾರ್ಪರ್ಸ್ ಪತ್ರಿಕೆಯಲ್ಲಿ. ಕ್ರಾಕೆಟ್ ಸತ್ತು 31 ವರ್ಷವಾಗಿತ್ತು. ಸದನದ ದಾಖಲೆಯಲ್ಲಿರುವುದು ಇಷ್ಟು: 1828ರಲ್ಲಿ ಭೂಸೇನೆಯ ಜನರಲ್ ಬ್ರೌನ್ ಅವರ ವಿಧವೆಗೆ ಹಣ ಕೊಡುವುದನ್ನು ವಿರೋಧಿಸಿದ, ತನ್ನ ಪಾಲನ್ನು ಕೈಯಿಂದ ಕೊಡುತ್ತೇನೆ ಎಂದ.

ದೊಡ್ಡಪ್ಪ: ಅಂದರೆ ನಾನು ಹೇಳಿದ್ದೇ ಸರಿ.

ಶಿರಸಿ ಅತ್ತೆ: ಕೈಯಿಂದಾದರೂ ಕೊಡುತ್ತೇನೆ ಎಂದನಲ್ಲ. ನಮ್ಮವರು ತೀರಿಕೊಂಡ ವರ್ಷ ಹುಡುಗನ ಕಾಲೇಜು ಶುಲ್ಕಕ್ಕೆ ಅಡಿಕೆ ಮಾರಿದ ದುಡ್ಡಿನಲ್ಲಿ ಒಂದಿಷ್ಟು ಕೇಳಿದ್ದೆ. ಒಟ್ಟುಮನೆಯ ದುಡ್ಡು, ನಾನೊಬ್ಬನೇ ಕೊಡಲು ಬರುವುದಿಲ್ಲ ಎಂದೆ ನೀನು.

ಹ್ಯೂಸ್ಟನ್ ಭಾವ: ಅಮ್ಮ, ಅದು ಈಗ ಬೇಡ. ಮಾವ, ಬೇಸರ ಮಾಡಿಕೊಳ್ಳಬೇಡಿ.

ದೊಡ್ಡಪ್ಪ: ಆ ವರ್ಷ ಕೊಳೆರೋಗ ಬಂದು ಅರ್ಧ ಫಸಲು ಉದುರಿತ್ತು. ಸೊಸೈಟಿಯ ಸಾಲ ಬೇರೆ. ಅದನ್ನು ಯಾರೂ ನೆನೆಯುವುದಿಲ್ಲ.

ಮೈಸೂರು ಚಿಕ್ಕಪ್ಪ: ಹಿರಿಯರ ಮಾತಿಗೆ ಎದುರಾಡುವುದು ನಮ್ಮ ಮನೆಯ ಸಂಪ್ರದಾಯವಲ್ಲ.

ಅಕ್ಕ: ಚಿಕ್ಕಪ್ಪ, ಪಾಲಿನ ಸಮಯದಲ್ಲಿ ನೀವು ಎದುರಾಡಿರಲಿಲ್ಲವೇ?

ನಾನು: ದಯವಿಟ್ಟು ಇದೊಂದನ್ನು ಪೂರ್ತಿ ಓದಿ. ಪಶ್ಚಿಮ ಟೆನೆಸೀಯಲ್ಲಿ ನಮ್ಮ ಬಗರ್‌ಹುಕುಂ ಸಾಗುವಳಿದಾರರ ಹಾಗೆ ಪಟ್ಟಾ ಇಲ್ಲದೆ ಉಳುತ್ತಿದ್ದ ಬಡವರಿಗೆ, ಆ ನೆಲವನ್ನು ಬಿಡಿಗಾಸಿಗೋ ಪುಕ್ಕಟೆಗೋ ಕೊಡಿಸಬೇಕೆಂದು ಕ್ರಾಕೆಟ್ ಸದನದಲ್ಲಿ ವರ್ಷಗಟ್ಟಲೆ ಹೆಣಗಿದ. ಸರ್ಕಾರದ್ದನ್ನು ಬಡವರಿಗೆ ಕೊಡಲೇಬಾರದು ಎನ್ನುವವನು ಹಾಗೆ ಮಾಡುತ್ತಿದ್ದನೇ? 1830ರಲ್ಲಿ ಚೆರೋಕಿ ಮೊದಲಾದ ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯಾಚೆಗೆ ಸಾಗಹಾಕುವ ಮಸೂದೆ 102–97 ಮತಗಳಿಂದ ಗೆದ್ದಿತು. ಆ ಮಸೂದೆಯ ಹಿಂದಿದ್ದ ಅಧ್ಯಕ್ಷ ಜಾಕ್ಸನ್ ಟೆನೆಸೀಯವರೇ. ಆ ರಾಜ್ಯದ ಸಂಸದರಲ್ಲಿ ವಿರೋಧವಾಗಿ ಮತ ಹಾಕಿದವನು ಕ್ರಾಕೆಟ್ ಒಬ್ಬನೇ. 1831ರಲ್ಲಿ ಸೋತ, 1833ರಲ್ಲಿ ಗೆದ್ದ, 1835ರಲ್ಲಿ ಮತ್ತೆ ಸೋತು ಟೆಕ್ಸಾಸಿಗೆ ಹೋದ. 1836ರ ಮಾರ್ಚ್ 6ರಂದು ಅಲಾಮೋದಲ್ಲಿ ಸತ್ತ. ಅಷ್ಟು ಗಟ್ಟಿ ಮನುಷ್ಯನ ಬಾಯಿಗೆ ಯಾರೋ ಬರೆದ ಉಪದೇಶ ತುರುಕುವುದು ಅನ್ಯಾಯ.

ಮೈಸೂರು ಚಿಕ್ಕಪ್ಪ: 👍 ಉತ್ತಮ ಮಾಹಿತಿ.

ದೊಡ್ಡಪ್ಪ: ನನ್ನ ನಿವೃತ್ತ ಸ್ನೇಹಿತರು ಕಳಿಸಿದ್ದು. ಅವರು ಸುಳ್ಳು ಹೇಳುವವರಲ್ಲ.

ಶಿರಸಿ ಅತ್ತೆ: ಅದು ಇರಲಿ ಅಣ್ಣ. ನನ್ನ ಮಾತಿಗೆ ಉತ್ತರ ಬರಲಿಲ್ಲ.

ದೊಡ್ಡಪ್ಪ: ಗುಂಪಿನಲ್ಲಿ ಬೇಡ. ಸಂಜೆ ಫೋನ್ ಮಾಡುತ್ತೇನೆ.

ಶಿರಸಿ ಅತ್ತೆ: ಏಳರ ಮೇಲೆ ಮಾಡು. ಅದಕ್ಕೂ ಮೊದಲು ಕೊಟ್ಟಿಗೆಯಲ್ಲಿರುತ್ತೇನೆ.