ಮಾಮ, ಕೊನೆಯ ವಿಸಿಲ್‌ವರೆಗೂ ಏಳಬೇಡಿ

ಮಾಮ, ನಮ್ಮ ಮನೆಯ ಗ್ರೂಪಿನಲ್ಲಿ ನಿಮ್ಮ ಮೆಸೇಜ್ ಈಗ ನೋಡಿದೆ. ‘ಹತ್ತು ನಿಮಿಷ ಮುಂಚೆ ಎದ್ದು ಬಂದದ್ದಕ್ಕೆ ಮೂರು ದಿನ ಮುನಿಸಾ? ಈ ಫುಟ್‌ಬಾಲ್ ನೋಡುವವರಿಗೆ ಎಲ್ಲದಕ್ಕೂ ಯಾಕೆ ಇಷ್ಟು ಕಿರಿಕಿರಿ?’ ಅಂತ ಕೇಳಿದ್ದೀರಿ. ಟೈಪ್ ಮಾಡೋಣ ಅಂತ ಕೂತೆ, ಆಗಲಿಲ್ಲ. ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ವಾಕಿಂಗ್ ಹೋಗುವಾಗ ಕೇಳಿ, ತೊಂದರೆ ಇಲ್ಲ. ಆದರೆ ಪೂರ್ತಿ ಕೇಳಿ.

ಅವತ್ತು ಬರದೇ ಇದ್ದವರಿಗೂ ಗೊತ್ತಾಗಲಿ ಅಂತ ಹೇಳುತ್ತೇನೆ. ಭಾನುವಾರ ಮಾಮ, ಅತ್ತೆ, ಪುಟ್ಟ ಮೂವರೂ ಹಾಸನದಿಂದ ಬಂದಿದ್ದರು. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚ್ ಇತ್ತು, ಕರೆದುಕೊಂಡು ಹೋದೆ. ಎರಡೂ ಕಡೆ ಒಂದೊಂದು ಗೋಲು. ಎಂಬತ್ತನೇ ನಿಮಿಷಕ್ಕೆ ಮಾಮ ವಾಚು ನೋಡಿದರು. ‘ಮೆಟ್ರೋದಲ್ಲಿ ನೂಕುನುಗ್ಗಲು ಆಗುತ್ತದೆ, ಏಳಿ ಏಳಿ’ ಅಂದರು. ಪುಟ್ಟ ‘ಇನ್ನೂ ಮುಗಿದಿಲ್ಲ ಅಪ್ಪ’ ಅಂದ. ಎದ್ದೆವು. ಮೆಟ್ಟಿಲು ಇಳಿದು, ಗೇಟು ದಾಟಿ, ರಸ್ತೆ ಕಡೆ ತಿರುಗಿದ್ದೇವೆ, ಅಷ್ಟರಲ್ಲಿ ಹಿಂದಿನಿಂದ ಆ ಸದ್ದು ಬಂತು. ಇಡೀ ಸ್ಟೇಡಿಯಂ ಒಂದೇ ಸಲ ಎದ್ದು ಕೂಗಿದ ಸದ್ದು. ಪುಟ್ಟ ನನ್ನ ಕೈ ಹಿಡಿದುಕೊಂಡಿದ್ದ. ‘ನಮ್ಮದಾ?’ ಅಂತ ಕೇಳಿದ. ನಮ್ಮದೇ. ಆ ಗೋಲನ್ನು ಅವನು ಆಮೇಲೆ ಮೆಟ್ರೋದಲ್ಲಿ ನಿಂತುಕೊಂಡು ನಿಮ್ಮ ಫೋನಿನಲ್ಲಿ ನೋಡಿದ.

ನನ್ನ ಬೇಜಾರು ಅದು ಮಾಮ. ನಾನು ಗೋಲು ತಪ್ಪಿಸಿಕೊಂಡೆ ಅಂತ ಅಲ್ಲ. ನಾನು ಎಷ್ಟೋ ನೋಡಿದ್ದೇನೆ. ಅದು ಅವನ ಮೊದಲ ಮ್ಯಾಚು.

ನಿಮಗೆ ಕ್ರಿಕೆಟ್ ಚೆನ್ನಾಗಿ ಗೊತ್ತು. ಕ್ರಿಕೆಟ್‌ನಲ್ಲಿ ಆರು ಬಾಲಿಗೆ ನಲವತ್ತು ರನ್ ಬೇಕು ಅಂದರೆ ಎದ್ದು ಹೋಗಬಹುದು, ಲೆಕ್ಕ ಮುಗಿದಿರುತ್ತದೆ. ಫುಟ್‌ಬಾಲ್‌ನಲ್ಲಿ ಹಾಗೆ ಲೆಕ್ಕ ಮುಗಿಯುವುದಿಲ್ಲ. ತೊಂಬತ್ತು ನಿಮಿಷಕ್ಕೆ ಒಂದೋ ಎರಡೋ ಗೋಲು ಬರುವ ಆಟ ಇದು. ಅದು ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಕೊನೆಗೆ ಕಾಲು ಸೋತಿರುತ್ತವೆ, ಡಿಫೆನ್ಸ್ ಸಡಿಲ ಆಗಿರುತ್ತದೆ, ಗೆಲ್ಲಲೇಬೇಕಾದ ತಂಡ ಎಲ್ಲರನ್ನೂ ಮುಂದಕ್ಕೆ ಕಳಿಸುತ್ತದೆ. ಇಡೀ ಸಂಜೆ ಆಗದ್ದು ಆಗ ಆಗುತ್ತದೆ. ಇನ್ನೊಂದು, ಇಲ್ಲಿ ಗಡಿಯಾರ ನಿಲ್ಲುವುದಿಲ್ಲ. ಪೆಟ್ಟಾಗಿ ಬಿದ್ದದ್ದು, ಆಟಗಾರರನ್ನು ಬದಲಿಸಿದ್ದು, ಗೋಲಾದ ಮೇಲೆ ಕುಣಿದದ್ದು, ಎಲ್ಲ ಸೇರಿಸಿ ರೆಫ್ರಿ ಕೊನೆಗೆ ಸಮಯ ಕೊಡುತ್ತಾರೆ, ಅದನ್ನೇ ಇಂಜುರಿ ಟೈಮ್ ಅನ್ನುವುದು. ಹಾಗಾಗಿ ತೊಂಬತ್ತಕ್ಕೆ ಮುಗಿಯಿತು ಅಂತಲೇ ಇಲ್ಲ. 2022ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್, ಇರಾನ್ ಮ್ಯಾಚಿಗೆ ಎರಡೂ ಅರ್ಧ ಸೇರಿ 27 ನಿಮಿಷ ಜಾಸ್ತಿ ಆಡಿಸಿದರು.

ಕಂಠೀರವದಲ್ಲೇ ಏನಾಗಿದೆ ಕೇಳಿ. 2015ರ ಮೇ 31. ಐ-ಲೀಗ್‌ನ ಕೊನೇ ಮ್ಯಾಚು, ಆಗ ಅದೇ ದೇಶದ ದೊಡ್ಡ ಲೀಗು. ಎದುರಿಗೆ ಕೋಲ್ಕತ್ತಾದ ಮೋಹನ್ ಬಗಾನ್. ಗೆದ್ದರೆ ನಾವು ಚಾಂಪಿಯನ್, ಡ್ರಾ ಆದರೂ ಸಾಕು ಅವರು ಚಾಂಪಿಯನ್. ನಮ್ಮ ಜಾನ್ ಜಾನ್ಸನ್ ಮೊದಲರ್ಧದಲ್ಲೇ ಗೋಲು ಹೊಡೆದಿದ್ದ. ಕಪ್ ಕೈಗೆ ಬಂತು ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. 87ನೇ ನಿಮಿಷದಲ್ಲಿ ಒಂದು ಕಾರ್ನರ್. ಅವರ ಬೆಲ್ಲೊ ರಜಾಕ್ ತಲೆಯಿಂದ ಗೋಲು ಹೊಡೆದ, 1-1. ಮುಗಿಯಿತು. ಇನ್ನು ಕೆಲವೇ ನಿಮಿಷ ತಡೆದಿದ್ದರೆ ಸತತ ಎರಡನೇ ವರ್ಷ ಕಪ್ ನಮ್ಮದು. ಅವತ್ತು ನಾನು ಅಲ್ಲಿದ್ದೆ. ಮನೆಗೆ ಬಂದು ಊಟ ಮಾಡಲಿಲ್ಲ, ಅಮ್ಮನಿಗೆ ನೆನಪಿದೆ.

2018ರ ಮಾರ್ಚ್ 17. ಐಎಸ್‌ಎಲ್ ಫೈನಲ್, ಅಂದರೆ ಇಂಡಿಯನ್ ಸೂಪರ್ ಲೀಗಿನದ್ದು, ಅದೂ ನಮ್ಮ ಮೈದಾನದಲ್ಲೇ. ಚೆನ್ನೈಯಿನ್ ವಿರುದ್ಧ 3-2ರಿಂದ ಸೋತೆವು. ನಮ್ಮ ಆ ಎರಡನೇ ಗೋಲನ್ನು ಮೀಕು ಹೊಡೆದದ್ದು ಇಂಜುರಿ ಟೈಮಿನಲ್ಲಿ. ಅಷ್ಟರಲ್ಲಿ ಎದ್ದು ಹೋದವರು ಇದ್ದರು. ಉಳಿದವರು ಆ ಕೊನೇ ಒಂದೆರಡು ನಿಮಿಷ ಗಂಟಲು ಹರಿಯುವ ಹಾಗೆ ಕೂಗಿದೆವು. ಇನ್ನೊಂದು ಬರಲಿಲ್ಲ. ಸರಿಯಾಗಿ ಒಂದು ವರ್ಷ ಆದ ಮೇಲೆ, 2019ರ ಮಾರ್ಚ್ 17, ಮುಂಬೈನಲ್ಲಿ ಮತ್ತೆ ಫೈನಲ್, ಈ ಸಲ ಗೋವಾ ಎದುರಿಗೆ. ತೊಂಬತ್ತು ನಿಮಿಷ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್, ಅಂದರೆ ಮತ್ತೆ ಮೂವತ್ತು ನಿಮಿಷದ ಆಟ. 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ. ಕಪ್ ಬಂತು. 2025ರ ಏಪ್ರಿಲ್‌ನಲ್ಲಿ ಗೋವಾದ ಫತೋರ್ಡಾದಲ್ಲಿ ಸೆಮಿಫೈನಲ್, ಅಲ್ಲಿ ನಮ್ಮ ಸುನಿಲ್ ಛೆಟ್ರಿ ತಲೆಯಿಂದ ಹೊಡೆದು ನಮ್ಮನ್ನು ಫೈನಲ್‌ಗೆ ತಲುಪಿಸಿದ್ದು ತೊಂಬತ್ತು ನಿಮಿಷ ದಾಟಿದ ಮೇಲೆ. ಆಗ ಅವನಿಗೆ ನಲವತ್ತು ವರ್ಷ ವಯಸ್ಸು ಮಾಮ. ನಲವತ್ತು ವರ್ಷದವನು ಕೊನೇ ನಿಮಿಷದವರೆಗೂ ಓಡಿದ. ನಾವು ಕೂತು ನೋಡುವುದಷ್ಟೇ ಅಲ್ವಾ?

ಮ್ಯಾಚು ಮುಗಿದ ಮೇಲೂ ಇನ್ನೊಂದು ಇರುತ್ತದೆ. ಆಟಗಾರರು ವೆಸ್ಟ್ ಬ್ಲಾಕ್, ಅಂದರೆ ನಮ್ಮ ಅಭಿಮಾನಿಗಳು ಕೂರುವ ಕಡೆ, ಅದರ ಮುಂದೆ ಬಂದು ನಿಲ್ಲುತ್ತಾರೆ. ಎಲ್ಲರೂ ಕೈ ಮೇಲೆ ಎತ್ತಿ ಒಟ್ಟಿಗೆ ಚಪ್ಪಾಳೆ ಹೊಡೆಯುತ್ತಾರೆ. ಮೊದಲು ನಿಧಾನ, ಆಮೇಲೆ ಜೋರು. ಪುಟ್ಟನಿಗೆ ಅದನ್ನು ತೋರಿಸಬೇಕು ಅಂತಲೇ ಆ ಕಡೆ ಟಿಕೆಟ್ ತೆಗೆಸಿದ್ದೆ.

ಅವನ ಶರ್ಟಿನ ವಿಷಯಕ್ಕೆ ಬರುತ್ತೇನೆ. ಅವನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನ ಶರ್ಟ್ ಹಾಕಿಕೊಂಡು ಬಂದಿದ್ದ. ನಮ್ಮ ಹಿಂದೆ ಕೂತಿದ್ದ ಹುಡುಗರು ‘ಇಲ್ಲಿಗೆ ಅದು ಯಾಕೆ?’ ಅಂತ ಮಗುವನ್ನು ರೇಗಿಸಿದರು. ನನಗೆ ಅದೂ ಸಿಟ್ಟು ಬರುತ್ತದೆ. ಹತ್ತು ವರ್ಷದ ಹುಡುಗ ಹಾಸನದಿಂದ ಮ್ಯಾಚು ನೋಡಲು ಬಂದಿದ್ದಾನೆ. ಅವನ ಹತ್ತಿರ ಇರುವುದು ಅದೊಂದೇ ಫುಟ್‌ಬಾಲ್ ಶರ್ಟ್. ಬಂದವರನ್ನು ಹೀಗೆ ಅಳೆದರೆ ನಾಳೆ ಯಾರು ಬರುತ್ತಾರೆ? ಬಾರದವರ ಮೇಲೆ ಬೇಕಾದರೆ ಬೇಜಾರು ಮಾಡಿಕೊಳ್ಳಲಿ. ಶನಿವಾರ ರಾತ್ರಿಯೆಲ್ಲ ಎಚ್ಚರ ಇದ್ದು ಇಂಗ್ಲೆಂಡಿನ ಮ್ಯಾಚು ನೋಡುತ್ತಾರೆ, ಮನೆಯಿಂದ ಮೂರು ಸ್ಟೇಷನ್ ದೂರದ ಕಂಠೀರವಕ್ಕೆ ಒಂದು ಸಲವೂ ಬಂದಿಲ್ಲ. ಅಂಥವರು ನನ್ನ ಆಫೀಸಿನಲ್ಲೇ ಇದ್ದಾರೆ. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಭಾರತ ಚೈನೀಸ್ ತೈಪೆಯನ್ನು, ಅಂದರೆ ತೈವಾನನ್ನು, 5-0ಯಿಂದ ಸೋಲಿಸಿತು, ಛೆಟ್ರಿಯದ್ದೇ ಹ್ಯಾಟ್ರಿಕ್. ಸ್ಟೇಡಿಯಂ ಬಹುಪಾಲು ಖಾಲಿ. ಮಾರನೇ ದಿನ ಛೆಟ್ರಿ ಒಂದು ವಿಡಿಯೋ ಹಾಕಿದ. ಯುರೋಪಿನ ಕ್ಲಬ್‌ಗಳನ್ನು ಪ್ರೀತಿಸುವವರಿಗೇ ಹೇಳಿದ. ನಮ್ಮ ಮಟ್ಟ ಅಷ್ಟಿಲ್ಲ, ಗೊತ್ತು, ಬೈಯಿರಿ, ಆದರೆ ಮೈದಾನಕ್ಕೆ ಬಂದು ಬೈಯಿರಿ ಅಂತ ಕೇಳಿಕೊಂಡ. ದೇಶದ ಕ್ಯಾಪ್ಟನ್ ಕೈಮುಗಿದು ಜನರನ್ನು ಕರೆಯಬೇಕಾಯಿತು. ಕೀನ್ಯಾ ವಿರುದ್ಧದ ಮುಂದಿನ ಮ್ಯಾಚಿಗೆ ಟಿಕೆಟ್ ಎಲ್ಲ ಖಾಲಿ. ಕರೆದರೆ ಜನ ಬರುತ್ತಾರೆ. ಬಂದವರನ್ನು ಉಳಿಸಿಕೊಳ್ಳಬೇಕು.

ಪುಟ್ಟನ ಸಿಟಿಗೂ ಇದೇ ಕಥೆ ಇದೆ, ಅವನಿಗೆ ಹೇಳಿ. 2012ರ ಮೇ 13. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕಪ್ ಬೇಕೆಂದರೆ ಸಿಟಿ ಗೆಲ್ಲಲೇಬೇಕಿತ್ತು. ತೊಂಬತ್ತು ನಿಮಿಷ ಆದಾಗ 2-1ರಿಂದ ಹಿಂದೆ ಇತ್ತು. ಅವತ್ತು ಅಳುತ್ತಾ ಎದ್ದು ಹೋದವರಿದ್ದರು. ಇಂಜುರಿ ಟೈಮಿನಲ್ಲಿ ಜೆಕೊ ಒಂದು, ಅಗ್ವೆರೊ ಒಂದು. 44 ವರ್ಷ ಕಾದ ಆ ಲೀಗ್ ಪ್ರಶಸ್ತಿ ಆ ನಾಲ್ಕೈದು ನಿಮಿಷದಲ್ಲಿ ಬಂತು. ಎದ್ದು ಹೋದವರು ಅದನ್ನು ಹೇಗೆ ಸಹಿಸಿಕೊಂಡರೋ, ನನಗಂತೂ ಊಹಿಸಲೂ ಆಗುವುದಿಲ್ಲ.

ಅತ್ತೆ, ನೀವು ಆಫ್‌ಸೈಡ್ ಅಂದರೆ ಏನು ಅಂತ ಮೂರು ಸಲ ಕೇಳಿದಿರಿ. ‘ತೊಂದರೆ ಕೊಟ್ಟೆನಾ’ ಅಂತ ಮೆಸೇಜ್ ಹಾಕಿದ್ದೀರಿ. ಇಲ್ಲ ಅತ್ತೆ, ಕೇಳುವುದು ನನಗೆ ಯಾವತ್ತೂ ಕಿರಿಕಿರಿ ಅಲ್ಲ. ಇನ್ನೊಂದು ಸಲ ಹೇಳುತ್ತೇನೆ. ನಮ್ಮವನು ಚೆಂಡನ್ನು ಮುಂದಕ್ಕೆ ಒದೆಯುವ ಕ್ಷಣವಷ್ಟೇ ಮುಖ್ಯ. ಆ ಕ್ಷಣದಲ್ಲಿ, ಚೆಂಡು ಪಡೆಯುವ ನಮ್ಮವನು ಅವರ ಅರ್ಧದಲ್ಲಿದ್ದರೆ, ಅವನಿಗೂ ಅವರ ಗೋಲಿಗೂ ನಡುವೆ ಅವರ ತಂಡದ ಇಬ್ಬರಾದರೂ ಇರಬೇಕು. ಒಬ್ಬ ಸಾಮಾನ್ಯವಾಗಿ ಗೋಲ್‌ಕೀಪರ್. ಇನ್ನೊಬ್ಬ ಒಬ್ಬ ಡಿಫೆಂಡರ್. ಆ ಡಿಫೆಂಡರನ ಸಮಕ್ಕೆ ನಿಂತಿದ್ದರೂ ಪರವಾಗಿಲ್ಲ. ಅವನನ್ನು ದಾಟಿ ಮೊದಲೇ ಹೋಗಿ ನಿಂತಿದ್ದರೆ ಆಫ್‌ಸೈಡ್. ಒದ್ದ ಮೇಲೆ ಓಡಿ ದಾಟಿದರೆ ತಪ್ಪಿಲ್ಲ. ಅಷ್ಟೇ.

ಕೇಳುವುದು ಬೇರೆ, ಕೇಳದೇ ಇರುವುದು ಬೇರೆ. ‘ಇಪ್ಪತ್ತೆರಡು ಜನ ಒಂದು ಚೆಂಡಿಗೆ ಯಾಕೆ ಕಿತ್ತಾಡಬೇಕು, ಒಬ್ಬೊಬ್ಬರಿಗೂ ಒಂದೊಂದು ಕೊಡಿಸಿದರಾಯಿತು’ ಅನ್ನುವ ಜೋಕು ನಮ್ಮ ಮನೆಯ ಪ್ರತಿ ಮದುವೆಯಲ್ಲೂ ಯಾರಾದರೂ ಹೇಳುತ್ತಾರೆ. ಅದಕ್ಕೆ ನನಗೆ ನಗು ಬರುವುದಿಲ್ಲ. ‘ಸೊನ್ನೆ ಸೊನ್ನೆನಾ? ಸುಮ್ನೆ ಟೈಮ್ ವೇಸ್ಟು’ ಅನ್ನುವುದೂ ಹಾಗೇ. ಮತ್ತೆ ಅಣ್ಣ, ಇದು ನಿನಗೆ. ನಿಮ್ಮ ಮನೆಯಲ್ಲಿ ಡಿಶ್. ನನಗೆ ಫೋನಿನಲ್ಲಿ ಬರುವುದು ಅರ್ಧ ನಿಮಿಷ ತಡ. ನೀನು ಗ್ರೂಪಿನಲ್ಲಿ ‘ಗೋಲ್’ ಅಂತ ಹಾಕುವಾಗ ನನ್ನ ಸ್ಕ್ರೀನಿನಲ್ಲಿ ಇನ್ನೂ ಗೋಲ್ ಕಿಕ್ ತೆಗೆದುಕೊಳ್ಳುತ್ತಿರುತ್ತಾರೆ. ದಯವಿಟ್ಟು ಎರಡು ನಿಮಿಷ ತಡೆದು ಹಾಕು.

ಈಗ ಜಗಳದ ವಿಷಯ. ‘ಹಿಂದೆ ಕೂತವನ ಜೊತೆ ಯಾಕೆ ಜಗಳ ಆಡಿದೆ, ಹೆಣ್ಣುಮಗಳು’ ಅಂದಿರಿ ಮಾಮ. ಅವನು ಏನು ಕೂಗಿದ ಅಂತ ನಿಮಗೆ ಕೇಳಿಸಿರಲಿಕ್ಕಿಲ್ಲ. ಎದುರಾಳಿ ತಂಡದ ಈಶಾನ್ಯದ ಹುಡುಗನೊಬ್ಬನಿಗೆ ‘ಏ ಚೈನಾ’ ಅಂದ. ಎರಡು ಸಲ. ಹಾಗೆ ಕೂಗಿದವನು ಹಾಕಿಕೊಂಡಿದ್ದು ನಮ್ಮದೇ ನೀಲಿ ಶರ್ಟ್. ಅದೇ ಶರ್ಟನ್ನು ಮಣಿಪುರದ ಉದಾಂತ ಸಿಂಗ್ ಎಷ್ಟು ವರ್ಷ ಹಾಕಿ ಆಡಿದ. ಸುರೇಶ್ ಸಿಂಗ್, ರೋಶನ್ ಸಿಂಗ್ ಇಬ್ಬರೂ ಮಣಿಪುರದವರೇ. ಅವರು ಗೋಲು ಮಾಡಿಸಿದಾಗ ಕುಣಿಯುವುದು, ಎದುರು ತಂಡದಲ್ಲಿ ಅವರ ಊರಿನವನೇ ಕಂಡರೆ ಹೀಗೆ ಕೂಗುವುದು. ಇದನ್ನು ಕಿರಿಕಿರಿ ಅಂತ ಕರೆಯಲೂ ನನಗೆ ಇಷ್ಟ ಇಲ್ಲ, ಇದು ತಪ್ಪು. ಪಕ್ಕದಲ್ಲಿ ಪುಟ್ಟ ಕೂತಿದ್ದ. ನಾನು ಸುಮ್ಮನೆ ಇದ್ದಿದ್ದರೆ ಮೈದಾನದಲ್ಲಿ ಹೀಗೆಲ್ಲ ಕೂಗಬಹುದು ಅಂತ ಅವನು ಕಲಿಯುತ್ತಿದ್ದ. ಮುಂದಿನ ಸಲವೂ ಯಾರಾದರೂ ಹೀಗೆ ಕೂಗಿದರೆ ನಾನು ಎದ್ದು ಹೇಳುತ್ತೇನೆ. ನೀವೂ ನನ್ನ ಜೊತೆ ನಿಲ್ಲಬೇಕು.

ಇನ್ನೊಂದೇ ಒಂದು. ಅವತ್ತು ದಾರಿಯಲ್ಲಿ ‘ಇದು ನಮ್ಮ ಕಡೆಯ ಆಟ ಅಲ್ಲ’ ಅಂದಿರಿ. ಅದು ಮನಸ್ಸಿನಲ್ಲೇ ಉಳಿದುಬಿಟ್ಟಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತಕ್ಕೆ ಒಂದೇ ಒಂದು ಗೋಲು ಬಂತು. ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಹಲಸೂರಿನ ಗೌತಮಪುರದಲ್ಲಿ ಬ್ರೆಜಿಲ್ ಆಟಗಾರ ಪೆಲೆಯ ಪ್ರತಿಮೆ ಇದೆ, ಅಲ್ಲಿನ ಹುಡುಗರು ತಲೆತಲಾಂತರದಿಂದ ಆಡಿದ್ದಾರೆ. 2023ರ ಮಾರ್ಚ್ 3ರ ರಾತ್ರಿ ನೆನಪಿದೆಯಾ? ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪ್ಲೇಆಫ್. 96ನೇ ನಿಮಿಷದಲ್ಲಿ ಅವರ ಆಟಗಾರರು ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಛೆಟ್ರಿ ಫ್ರೀ ಕಿಕ್ ಹೊಡೆದ. ಗೋಲು ಕೊಟ್ಟರು, ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೋಯಿತು. ಆಮೇಲೆ ವಾರಗಟ್ಟಲೆ ಎಲ್ಲ ಗ್ರೂಪಿನಲ್ಲೂ ಅದೇ ಜಗಳ, ನಮ್ಮ ಗ್ರೂಪಿನಲ್ಲೂ. ಅದರ ಮಾರನೇ ದಿನವೇ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಮುಂಚೆ ಗೆದ್ದದ್ದು 1968-69ರಲ್ಲಿ, ಮೈಸೂರು ಅನ್ನುವ ಹೆಸರಿನಲ್ಲಿ. 54 ವರ್ಷ! ಈ ಗ್ರೂಪಿನಲ್ಲಿ ನಾನು ಫೋಟೋ ಹಾಕಿದೆ. ಅಜ್ಜಿ ಒಬ್ಬರೇ ಹೂವು ಹಾಕಿದರು. ಆ ಫೋಟೋ ಇನ್ನೂ ಇಲ್ಲೇ ಮೇಲೆ ಎಲ್ಲೋ ಇದೆ.

ಸರಿ ಮಾಮ. ನಿಮ್ಮ ಮೇಲೆ ಕೋಪ ಇಲ್ಲ. ಹಾಸನದಿಂದ ಬಸ್ಸಿನಲ್ಲಿ ಬಂದು, ಸುಸ್ತಾಗಿದ್ದರೂ ನಾನು ಕರೆದೆ ಅಂತ ಬಂದಿರಿ, ಅದು ಗೊತ್ತು. ಮುಂದಿನ ತಿಂಗಳು ಇನ್ನೊಂದು ಹೋಮ್ ಮ್ಯಾಚ್ ಇದೆ. ನಾಲ್ಕು ಟಿಕೆಟ್ ತೆಗೆಸುತ್ತೇನೆ. ಏಳೂವರೆಗೆ ಶುರುವಾದರೆ ಒಂಬತ್ತೂವರೆ ಹೊತ್ತಿಗೆ ಮುಗಿಯುತ್ತದೆ. ಕಬ್ಬನ್ ಪಾರ್ಕ್ ಸ್ಟೇಷನ್ ಪಕ್ಕದಲ್ಲೇ ಇದೆ, ಅಲ್ಲಿಂದ ವಿಜಯನಗರಕ್ಕೆ ಒಂದೇ ಲೈನು, ಬದಲಿಸುವ ಹಾಗೂ ಇಲ್ಲ. ಚಪ್ಪಾಳೆ ಮುಗಿದ ಮೇಲೆ ಹದಿನೈದು ನಿಮಿಷ ಅಲ್ಲೇ ಕೂತರೆ ನೂಕುನುಗ್ಗಲು ತಾನಾಗೇ ಕರಗುತ್ತದೆ, ನಾನು ಪ್ರತಿ ಸಲ ಹಾಗೇ ಮಾಡುವುದು. ಊಟ ಮಾಡಿಟ್ಟು ಬರುತ್ತೇನೆ, ಮನೆಗೆ ಬಂದು ಬಿಸಿ ಮಾಡಿಕೊಂಡರಾಯಿತು. ಅತ್ತೆಗೆ ಒಂದು ಸ್ವೆಟರ್ ತನ್ನಿ, ಮೇಲಿನ ಸಾಲಿನಲ್ಲಿ ಗಾಳಿ ಜಾಸ್ತಿ.

ಇದನ್ನು ಪುಟ್ಟನಿಗೂ ಕೇಳಿಸಿ. ನೀಲಿ ಶರ್ಟ್ ಯಾವ ಅಳತೆ ಬೇಕು ಅಂತ ಅವನ ಕೈಲೇ ಮೆಸೇಜ್ ಮಾಡಿಸಿ. ಹಿಂದೆ ಯಾರ ಹೆಸರು ಹಾಕಿಸಬೇಕು ಅಂತಲೂ ಕೇಳಿ.