ಮಂಜಿನ ಮೇಲೆ ಹೋಗಿ ಬಿಸಿಲು ಕಾಯಿಸೋಕೆ ಕುಂದಾದ್ರಿ ಸಾಕಾ?

ತುಂಗಾತೀರ: ತೀರ್ಥಹಳ್ಳಿಯಲ್ಲಿ ಒಂಬತ್ತಾದರೂ ಮಂಜು ಬಿಡ್ತಿಲ್ಲ. ಮಂಜು ಕೆಳಗೆ, ನಾವು ಮೇಲೆ ಬಿಸಿಲಲ್ಲಿ ಇರಬೇಕು ಅಂದ್ರೆ ಕುಂದಾದ್ರಿ ಗುಡ್ಡ ಸಾಕಾ, ಇನ್ನೂ ಎತ್ತರದ ಕೊಡಚಾದ್ರಿಗೇ ಹೋಗಬೇಕಾ? ಯಾವ ದಿನ ಸಿಗುತ್ತೆ ಅಂತ ಮೊದಲೇ ತಿಳಿಯೋದು ಹೇಗೆ?

ಗುಡ್ಡದಂಚು: ಹೆಚ್ಚಿನ ದಿನ ಕುಂದಾದ್ರಿ ಸಾಕು. ತೀರ್ಥಹಳ್ಳಿ ಸುಮಾರು 590 ಮೀಟರ್, ಕುಂದಾದ್ರಿ 826. ರಾತ್ರಿ ನೆಲ ಬೇಗ ತಣ್ಣಗಾಗಿ, ಭಾರವಾದ ತಂಪು ಗಾಳಿ ಇಳಿದು ಹೊಳೆ, ಗದ್ದೆ ಬಯಲಲ್ಲಿ ನಿಲ್ಲುತ್ತೆ. ಅದರ ಮೇಲಿನ ಗಾಳಿ ಬೆಚ್ಚಗಿರೋದರಿಂದ ಮಂಜು ಮುಚ್ಚಳ ಹಾಕಿದ ಹಾಗೆ ಅಲ್ಲೇ ಉಳಿಯುತ್ತೆ.

ಹಿಂದಿನ ರಾತ್ರಿ ಮೂರು ನೋಡಿ: ಆಕಾಶ ಶುಭ್ರವಾಗಿರಬೇಕು, ಎಲೆ ಅಲ್ಲಾಡದಷ್ಟು ಗಾಳಿ ನಿಂತಿರಬೇಕು, ಹತ್ತು ಗಂಟೆಗೇ ಬೈಕ್ ಸೀಟು ಇಬ್ಬನಿಗೆ ಒದ್ದೆಯಾಗಿರಬೇಕು. ಅಕಾಲ ಮಳೆ ಬಂದು ಮರುದಿನ ಬಾನು ತಿಳಿಯಾದರೆ ಇನ್ನೂ ಒಳ್ಳೇದು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮೋಡ ಕವಿದಿದ್ದರೆ ಹೊರಡಲೇಬೇಡಿ. ಮೇಲೆ ಹೋದರೂ ಬೂದು ಬಣ್ಣವೇ.

ಕಾಡುದಾರಿ: ಇನ್ನೊಂದು ಗುರುತು. ಹೊರಡುವಾಗ ರಸ್ತೆ ಕಾಣದಿದ್ದರೂ ನೆತ್ತಿ ಮೇಲೆ ನಕ್ಷತ್ರ ಕಂಡರೆ ಮಂಜಿನ ಪದರ ತೆಳು, ಅರ್ಧ ಗುಡ್ಡದಲ್ಲೇ ಹೊರಬೀಳ್ತೀರಿ. ಮಂಜು ಓಡಾಡ್ತಾ ಮುಖಕ್ಕೆ ಹನಿ ಹೊಡೀತಿದ್ದರೆ ಅದು ಕಣಿವೆ ಮಂಜಲ್ಲ ಮಾರಾಯ್ರೆ, ಗುಡ್ಡಕ್ಕೆ ತಾಗಿದ ಮೋಡ. ಹತ್ತಿದಷ್ಟೂ ದಟ್ಟ ಆಗುತ್ತೆ. ಆಗುಂಬೆ ಅಂಚಿನಲ್ಲಿ ಜನ ಮೋಸ ಹೋಗೋದು ಇಲ್ಲೇ.

ಜನವರಿಯಲ್ಲಿ ಸೂರ್ಯೋದಯ 6:55ರ ಆಸುಪಾಸು, 6:20ಕ್ಕೆ ಮೇಲಿರಿ. ಗುಡ್ಡೇಕೇರಿಯಲ್ಲಿ ತಿರುಗಿದರೆ ಮೇಲಿನವರೆಗೂ ಟಾರು ರಸ್ತೆ, ಕೊನೆಗೆ ಮೆಟ್ಟಿಲು. ಹೈಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತೆ. ತುದಿಯ ಜೈನ ಬಸದಿ ಹತ್ತಿರದ ಬಂಡೆ ಇಬ್ಬನಿಗೆ ಸೋಪಿನ ಹಾಗೆ ಜಾರುತ್ತೆ, ರಬ್ಬರ್ ಚಪ್ಪಲಿ ಬೇಡ.

ತುಂಗಾತೀರ: ಹಾಗಾದ್ರೆ ಕೊಡಚಾದ್ರಿ ಯಾವಾಗ?

ಗುಡ್ಡದಂಚು: ಪದರ ದಪ್ಪ ಇದ್ದು ಕುಂದಾದ್ರಿಯೂ ಮುಳುಗಿದ ದಿನ. 1343 ಮೀಟರ್, ಮುಳುಗೋದು ಕಷ್ಟ. ಆದರೆ ಜೀಪು ಎಷ್ಟು ಹೊತ್ತಿಗೆ ಬಿಡ್ತಾರೆ ಅಂತ ಅರಣ್ಯ ಇಲಾಖೆಯ ಚೆಕ್‌ಪೋಸ್ಟಲ್ಲಿ ಹಿಂದಿನ ದಿನವೇ ಕೇಳಿ. ನಡೆದು ಹೋದರೆ ಬೆವರಿದ ಅಂಗಿ ಮೇಲಿನ ಗಾಳಿಗೆ ನಡುಗಿಸುತ್ತೆ, ಒಣ ಅಂಗಿ ಒಂದು ಪ್ಲಾಸ್ಟಿಕ್ ಕವರಲ್ಲಿ ಇರಲಿ. ಒಂಬತ್ತು ಗಂಟೆ ಮೇಲೆ ಬಿಸಿಲಿಗೆ ಮಂಜು ಒಡೆದು ಮೇಲೇಳುತ್ತೆ, ಆಗ ನೀವು ನಿಂತ ಜಾಗವೂ ಸ್ವಲ್ಪ ಹೊತ್ತು ಮುಚ್ಚಬಹುದು. ಗಾಬರಿಯಾಗಿ ಇಳಿಯಬೇಡಿ, ಅಂಚಿನಿಂದ ಹಿಂದೆ ಸರಿದು ಕೂತಿರಿ.